ಗೋಡೆ ಬಿರುಕಿಗೆ ರೇಟು ಹೇಳುವ ಮೊದಲು ಪಾಯ ನೋಡಿದರೇ?

ಪ್ರಶ್ನೆ: ನಮ್ಮದು ನವಲಗುಂದ, ಎರೆ ಮಣ್ಣಿನ ಮೇಲೆ ಕಟ್ಟಿದ ಹಳೆ ಮನೆ. ಬೇಸಿಗೆ ಬಂತೆಂದರೆ ಗೋಡೆ ಬಿರುಕು ಬಿಡುತ್ತದೆ. ರಿಪೇರಿಗೆ ಬ್ಯಾಂಕ್ ಸಾಲ ಮಂಜೂರಾಗಿದೆ. ಹುಬ್ಬಳ್ಳಿಯ ಕಾಂಟ್ರ್ಯಾಕ್ಟರ್ ಒಬ್ಬರು ‘ಒಟ್ಟು ಆರು ಲಕ್ಷ, ಅರ್ಧ ಅಡ್ವಾನ್ಸ್ ಕೊಡ್ರಿ, ಬ್ಯಾಂಕಿಗೆ ಬೇಕಾದ ಬಿಲ್ ನಾನ ಮಾಡಿಸ್ತೀನಿ’ ಅಂತಾರೆ. ಪಿಡಬ್ಲ್ಯುಡಿ ಲೈಸೆನ್ಸೂ ಇದೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಆರು ಲಕ್ಷ ಎನ್ನುವ ಮೊದಲು ಅವರು ಗೋಡೆ ಬುಡದಲ್ಲಿ ಒಂದು ಗುಂಡಿ ತೋಡಿಸಿ ನೋಡಿದರೇ? ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಎರೆ ಮಣ್ಣಿನ ಕೆಳಗಿನ ಗಟ್ಟಿ ಗರಸಿನವರೆಗೆ (ಜಲ್ಲಿ ಬೆರೆತ ಗಟ್ಟಿ ನೆಲ) ಇಳಿಯದಿದ್ದರೆ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಬಚ್ಚಲ ನೀರು ಪಾಯಕ್ಕೆ ಇಂಗುತ್ತಿದ್ದರಂತೂ ಕೇಳಲೇಬೇಡಿ. ಕೆಲಸ ಬಲ್ಲವರು ಮೊದಲು ಆ ನೀರಿನ ದಾರಿ ಹುಡುಕುತ್ತಾರೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಕೂರಿಸಿ, ತಾರೀಖು ಬರೆದು, ಕಾಯುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಅದರ ಮೇಲೆ ಹೊಸ ಗಿಲಾವು ಹಾಕಿದರೆ ಸಾಲದ ದುಡ್ಡು ಮಣ್ಣುಪಾಲು.

ಪಿಡಬ್ಲ್ಯುಡಿ ಲೈಸೆನ್ಸ್ ಇರುವುದು ಸರ್ಕಾರಿ ಟೆಂಡರ್ ಹಾಕಲಿಕ್ಕೆ. ಹಳೆ ಮನೆ ರಿಪೇರಿ ಬರುತ್ತದೆ ಎಂಬುದಕ್ಕೆ ಅದು ಪುರಾವೆ ಅಲ್ಲ. ಅವರು ರಿಪೇರಿ ಮಾಡಿ ಎರಡು ಬೇಸಿಗೆಯಾದರೂ ಕಳೆದ ಮನೆಯ ವಿಳಾಸ ಕೇಳಿ. ನೀವೇ ಹೋಗಿ ಗೋಡೆ ನೋಡಿ, ಮನೆಯ ಹೆಣ್ಣುಮಕ್ಕಳನ್ನು ಮಾತಾಡಿಸಿ. ಎಲ್ಲಿ ಸೋರುತ್ತದೆ, ಎಲ್ಲಿ ಬಿರುಕು ಮತ್ತೆ ಬಂತು ಅನ್ನುವುದು ಅವರಿಗೇ ಗೊತ್ತು.

‘ಒಟ್ಟು ಇಷ್ಟು’ ಎನ್ನುವುದನ್ನು ಎಸ್ಟಿಮೇಟ್ ಅಂತ ಒಪ್ಪಬೇಡಿ. ಗಿಲಾವು ಎಷ್ಟು ಚದರಡಿ, ಎಷ್ಟು ದಪ್ಪ, ಸಿಮೆಂಟು-ಉಸುಕು ಒಂದಕ್ಕೆ ನಾಲ್ಕೋ ಆರೋ, ಕಿತ್ತ ಹಳೆ ಗಿಲಾವು-ಮಣ್ಣು ಸಾಗಿಸುವ ಖರ್ಚು ಯಾರದು, ಎಲ್ಲ ಬರವಣಿಗೆಯಲ್ಲಿರಲಿ. ಬ್ಯಾಂಕು ಕೆಲಸ ನೋಡಿ ಕಂತಿನಲ್ಲಿ ಸಾಲ ಬಿಡುಗಡೆ ಮಾಡುತ್ತದಲ್ಲ, ನೀವೂ ಹಾಗೇ ಕೊಡಿ. ಕೊನೆಯ ಶೇ 10ರಷ್ಟು ಒಂದು ಮಳೆಗಾಲ ಮುಗಿಯುವವರೆಗೆ ನಿಮ್ಮಲ್ಲೇ ಇರಲಿ. ಇದಕ್ಕೆ ಒಪ್ಪದವರನ್ನು ಬಿಟ್ಟುಬಿಡಿ.

ಇನ್ನು ‘ಬೇಕಾದ ಬಿಲ್’. ಆಗದ ಕೆಲಸಕ್ಕೆ ಬಿಲ್ ಕೊಟ್ಟರೆ ಅದು ಬ್ಯಾಂಕಿಗೆ ಮಾಡುವ ಮೋಸ. ಕಾಗದದ ಮೇಲಿನ ಸಹಿ ನಿಮ್ಮದು, ಇಎಂಐ ಕಟ್ಟುವವರೂ ನೀವು. ಇಂಥ ಸಲಹೆ ಕೊಡುವವರನ್ನು ಹೊಸ್ತಿಲು ದಾಟಿಸಬೇಡಿ.

ಪ್ರಶ್ನೆ: ಬಿರುಕಿಗೆ ಕೆಮಿಕಲ್ ತುಂಬಿ ಹತ್ತು ವರ್ಷ ಗ್ಯಾರಂಟಿ ಕೊಡ್ತಾರಂತೆ?

ಉತ್ತರ: ಪಾಯ ಅಲುಗಾಡುತ್ತಲೇ ಇದ್ದರೆ ಯಾವ ಕೆಮಿಕಲ್ಲೂ ನಿಲ್ಲದು. ಸುಳ್ಳು ಗ್ಯಾರಂಟಿ.

ಪ್ರಶ್ನೆ: ವೈರಿಂಗನ್ನೂ ಗೌಂಡಿಯ ಪರಿಚಯದ ಹುಡುಗನಿಂದಲೇ ಮಾಡಿಸಲೇ?

ಉತ್ತರ: ಬೇಡ. ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಇದ್ದವರಿಂದಲೇ ಮಾಡಿಸಿ, ಅರ್ಥಿಂಗ್ ಪರೀಕ್ಷೆಯನ್ನು ನಿಮ್ಮೆದುರೇ ಮಾಡಲಿ.

ಪ್ರಶ್ನೆ: ರಿಪೇರಿ ಸಾಲದ ಬಡ್ಡಿಗೆ 2 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆಯಲ್ಲವೇ?

ಉತ್ತರ: ಇಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಗೆ, ವರ್ಷಕ್ಕೆ 30,000 ರೂಪಾಯಿ ಮಾತ್ರ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.