ಪ್ರತಿಕ್ರಿಯೆ: 85 ಮಿ.ಮೀ. ಲೆನ್ಸಿನಲ್ಲಿ ಕಣ್ಣು ಮಸುಕಾಗುವುದರ ಕುರಿತು

ಗೋಳಗುಮ್ಮಟದ ಮುಂದೆ ಎಫ್1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆದು, ತೆಗೆದ ಚಿತ್ರಗಳಲ್ಲಿ, ಕಣ್ಣಿಗೆ ಫೋಕಸ್ ಇಟ್ಟರೂ ಮೂಗಿನ ತುದಿಯೇ ಸ್ಪಷ್ಟವಾಗಿ ಬರುತ್ತದೆ, ಲೆನ್ಸ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ಮೂಲಕ ನೋಡುವಾಗ ಫೋಕಸ್ ಅಳೆಯುವುದು ಚಿತ್ರ ದಾಖಲಿಸುವ ಸೆನ್ಸರ್ ಅಲ್ಲ. ಕನ್ನಡಿಯ ಕೆಳಗಿರುವ ಬೇರೊಂದು ಸೆನ್ಸರ್. ಲೆನ್ಸಿನಿಂದ ಇವೆರಡಕ್ಕಿರುವ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಫೋಕಸ್ ಹಿಂದೆ ಮುಂದೆ ಸರಿಯುತ್ತದೆ.

ಬೆಳಗಿನ ಬೆಳಕಿರುವ ಪಡಸಾಲೆಯ ಗೋಡೆಗೆ ದಿನಪತ್ರಿಕೆಯ ಹಾಳೆಯೊಂದನ್ನು ಸಪಾಟಾಗಿ ಅಂಟಿಸಿ, ಸುಮಾರು ನಾಲ್ಕು ಮೀಟರ್ ದೂರದಲ್ಲಿ, ಅಂದರೆ ಫೋಕಲ್ ಲೆಂತ್‌ನ (ಇಲ್ಲಿ 85 ಮಿ.ಮೀ.) ಐವತ್ತು ಪಟ್ಟು ಆಸುಪಾಸಿನಲ್ಲಿ, ಟ್ರೈಪಾಡ್ ನಿಲ್ಲಿಸಿ, ಲೈವ್ ವ್ಯೂದಲ್ಲಿ (ಕ್ಯಾಮೆರಾದ ಹಿಂದಿನ ಪರದೆ ನೋಡಿ, ಚಿತ್ರದ ಸೆನ್ಸರಿನಿಂದಲೇ ಫೋಕಸ್ ಮಾಡಿ) ಒಂದು, ವ್ಯೂಫೈಂಡರಿನಲ್ಲಿ ಐದಾರು ಚಿತ್ರ ತೆಗೆಯಿರಿ. ಪ್ರತಿ ಬಾರಿಯೂ ಮೊದಲು ಫೋಕಸ್ ಕೆಡಿಸಿಕೊಳ್ಳಿ. ಓರೆಯಾಗಿಟ್ಟ ಸ್ಕೇಲಿಗೇ ನೇರವಾಗಿ ಫೋಕಸ್ ಮಾಡಬೇಡಿ: ಫೋಕಸ್ ಬಿಂದು ಕಾಣುವ ಚೌಕಕ್ಕಿಂತ ದೊಡ್ಡದಿರುವುದರಿಂದ ಅದು ಪಕ್ಕದ ಗೆರೆಯನ್ನು ಹಿಡಿಯುತ್ತದೆ. ನಾನು ಹೀಗೆಯೇ ಒಂದು ಭಾನುವಾರವನ್ನು ಹಾಳು ಮಾಡಿಕೊಂಡಿದ್ದೇನೆ.

ಲೈವ್ ವ್ಯೂ ಚಿತ್ರ ಸ್ಪಷ್ಟವಾಗಿದ್ದು ಉಳಿದವೆಲ್ಲ ಒಂದೇ ರೀತಿ ಮಸುಕಾಗಿದ್ದರೆ ಹೊಂದಾಣಿಕೆ ಸಾಧ್ಯ. ಇದನ್ನು ನಿಕಾನ್‌ನಲ್ಲಿ ಎಎಫ್ (ಆಟೋಫೋಕಸ್) ಫೈನ್-ಟ್ಯೂನ್, ಕ್ಯಾನನ್‌ನಲ್ಲಿ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ. ಎರಡರಲ್ಲೂ -20ರಿಂದ +20ರವರೆಗೆ ಅವಕಾಶವಿದೆ, ಆದರೆ ಅಗ್ಗದ ಕ್ಯಾಮೆರಾ ಬಾಡಿಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ನಿಮ್ಮದು ಮುಂದೆ ಬೀಳುವ ಫೋಕಸ್ ಆದ್ದರಿಂದ +5ರಿಂದ ಆರಂಭಿಸಿ. ಒಂದೊಂದು ಚಿತ್ರ ಒಂದೊಂದು ರೀತಿ ಬಂದರೆ ಮಾತ್ರ ಸರ್ವಿಸ್ ಸೆಂಟರಿಗೆ ಬಾಡಿ, ಲೆನ್ಸ್ ಎರಡನ್ನೂ ಒಯ್ಯಿರಿ.