ಓದುಗರ ಪ್ರಶ್ನೆ: ಜೆನೆಟ್ ರ‍್ಯಾಂಕಿನ್ ನಿಜವಾಗಿಯೂ ಅತ್ತರಾ?

ಹಿಂದಿನ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ ಜೆನೆಟ್ ರ‍್ಯಾಂಕಿನ್ ಹೆಸರು ಒಂದೇ ಸಾಲಲ್ಲಿ ಬಂದು ಹೋಗಿತ್ತು. ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಮಹಿಳೆ ಅಂತ ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ನನಗೆ ತುಂಬಾ ಖುಷಿ ಕೊಟ್ಟವು. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ಅಮೆರಿಕದಲ್ಲಿ ಹೆಂಗಸರಿಗೆ ವೋಟು ಸಿಕ್ಕಿದ್ದು 1920ರಲ್ಲಿ ಅಂತ ನಮ್ಮ ಪುಸ್ತಕದಲ್ಲಿದೆ. ಇವರು ಗೆದ್ದಿದ್ದು 1916ರಲ್ಲಿ ಅಂತೀರಿ. ವೋಟೇ ಇಲ್ಲದವರು ಗೆಲ್ಲೋದು ಹೇಗೆ ಮೇಡಂ?
— ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಒಳ್ಳೆ ಪ್ರಶ್ನೆ ಕೇಳಿದೆಯಮ್ಮಾ. 1920 ಅನ್ನೋದು ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿಯ ವರ್ಷ. ಅದಕ್ಕೂ ಮೊದಲೇ ಪಶ್ಚಿಮದ ಹಲವು ರಾಜ್ಯಗಳು ತಮ್ಮಷ್ಟಕ್ಕೆ ತಾವೇ ಹೆಂಗಸರಿಗೆ ವೋಟು ಕೊಟ್ಟಿದ್ದವು. ರ‍್ಯಾಂಕಿನ್ ಅವರ ಮೊಂಟಾನಾದಲ್ಲಿ ಅದು ಬಂದಿದ್ದು 1914ರಲ್ಲಿ. ಸುಮ್ನೆ ಬರಲಿಲ್ಲ. ಊರೂರು ತಿರುಗಿ ಅದಕ್ಕಾಗಿ ದುಡಿದವರಲ್ಲಿ ಅವರೇ ಮುಂದಿದ್ದರು. 1911ರ ಫೆಬ್ರವರಿಯಲ್ಲಿ ಮೊಂಟಾನಾ ಶಾಸನಸಭೆಯಲ್ಲಿ ನಿಂತು ಮಾತಾಡಿದ ಮೊದಲ ಹೆಂಗಸೂ ಅವರೇ.

ಹುಟ್ಟಿದ್ದು 1880ರಲ್ಲಿ, ಮಿಸೂಲಾ ಊರಿನ ಹತ್ತಿರ. ಅಪ್ಪನದು ದನ, ಕುದುರೆ, ಹೊಲ ಎಲ್ಲ ಇದ್ದ ಸಂಸಾರ. ಅಮ್ಮ ಮದುವೆಗೆ ಮುಂಚೆ ಟೀಚರ್ ಆಗಿದ್ದವರು. ಜೆನೆಟ್ ಹಿರಿಮಗಳು. 1902ರಲ್ಲಿ ಜೀವಶಾಸ್ತ್ರದಲ್ಲಿ ಡಿಗ್ರಿ ಮಾಡಿದರು. ಆಮೇಲೆ ಪಾಠ ಹೇಳಿದರು, ಬಟ್ಟೆ ಹೊಲಿದರು, ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ತಮ್ಮ ವೆಲಿಂಗ್ಟನ್‌ನನ್ನು ನೋಡಲು ಬಾಸ್ಟನ್‌ಗೆ ಹೋದಾಗ ಅಲ್ಲಿನ ಕೊಳೆಗೇರಿ ಕಂಡು ಬೆಚ್ಚಿದರು. ದಾರಿ ಸಿಕ್ಕಿದ್ದು ಅಲ್ಲಿಂದ.

1916ರಲ್ಲಿ ರಿಪಬ್ಲಿಕನ್ ಪಕ್ಷದಿಂದ ನಿಂತರು. ಆಗ ಮೊಂಟಾನಾದ ಎರಡು ಸೀಟಿಗೂ ಇಡೀ ರಾಜ್ಯವೇ ಒಂದು ಕ್ಷೇತ್ರ. ನಮ್ಮ ಕರ್ನಾಟಕದ ಹತ್ತಿರಹತ್ತಿರ ಎರಡರಷ್ಟು ದೊಡ್ಡ ರಾಜ್ಯ ಅದು, ಜನ ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು. ತಮ್ಮ ವೆಲಿಂಗ್ಟನ್ ದುಡ್ಡು ಹಾಕಿದ, ಓಡಾಟ ನೋಡಿಕೊಂಡ. ಮೊದಲು ಪತ್ರಿಕೆಗಳಲ್ಲಿ ಬಂದಿದ್ದು ಅವರು ಸೋತರು ಅಂತ. ದೂರದ ಊರುಗಳ ಮತ ಎಣಿಕೆ ಮುಗಿದ ಮೇಲೆ ನೋಡಿದರೆ ಗೆದ್ದಿದ್ದರು.

ಪ್ರಶ್ನೆ: ಮೊದಲ ಮಹಾಯುದ್ಧಕ್ಕೆ ವಿರುದ್ಧ ಮತ ಹಾಕುವಾಗ ಅವರು ಗಳಗಳನೆ ಅತ್ತುಬಿಟ್ಟರಂತೆ. ಎಲ್ಲೋ ಓದಿದ ನೆನಪು. ನಿಜವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಈ ಮಾತು ನೂರು ವರ್ಷದಿಂದ ಅವರ ಬೆನ್ನು ಬಿಟ್ಟಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1917ರ ಏಪ್ರಿಲ್ 2. ಅವರು ಸದನಕ್ಕೆ ಕಾಲಿಟ್ಟ ಮೊದಲ ದಿನ. ಬೆಳಗ್ಗೆ ಮಹಿಳಾ ಹೋರಾಟಗಾರ್ತಿಯರು ತಿಂಡಿಗೆ ಕರೆದು ಸನ್ಮಾನ ಮಾಡಿದ್ದರು. ಕೈಯಲ್ಲಿ ಹೂಗುಚ್ಛ ಹಿಡಿದೇ ಒಳಗೆ ಬಂದರು, ಸದಸ್ಯರೆಲ್ಲ ಚಪ್ಪಾಳೆ ತಟ್ಟಿದರು. ಅದೇ ರಾತ್ರಿ ಅಧ್ಯಕ್ಷ ವಿಲ್ಸನ್ ಬಂದು ಜರ್ಮನಿ ಮೇಲೆ ಯುದ್ಧ ಘೋಷಿಸಲು ಒಪ್ಪಿಗೆ ಕೇಳಿದರು. ನಾಲ್ಕೇ ದಿನ ಟೈಮು. ಆ ನಾಲ್ಕು ದಿನ ಅವರ ಮೇಲೆ ಎಂಥ ಒತ್ತಡ ಇತ್ತು ಯೋಚಿಸಿ. ನೀನು ಬೇಡ ಅಂದರೆ ಹೆಂಗಸರು ಅಧೈರ್ಯದವರು ಅಂತಾರೆ, ವೋಟಿನ ಹೋರಾಟ ಹಾಳಾಗುತ್ತೆ ಅಂತ ಸ್ವಂತ ಗೆಳತಿಯರೇ ಹೇಳಿದರು. ತಮ್ಮನೂ ಅದನ್ನೇ ಹೇಳಿದ.

ಏಪ್ರಿಲ್ 6ರ ನಸುಕಿನ ಮೂರು ಗಂಟೆ ಸುಮಾರಿಗೆ ಹೆಸರು ಕರೆಯೋಕೆ ಶುರು ಮಾಡಿದರು. ಮೊದಲ ಸಲ ಕರೆದಾಗ ರ‍್ಯಾಂಕಿನ್ ಸುಮ್ಮನಿದ್ದರು. ಮಾಜಿ ಸ್ಪೀಕರ್ ಜೋ ಕ್ಯಾನನ್ ಹತ್ತಿರ ಬಂದು, ಮತ ಹಾಕದೆ ಇರಬೇಡಮ್ಮಾ, ನೀನು ಈ ದೇಶದ ಹೆಂಗಸರ ಪ್ರತಿನಿಧಿ ಅಂದರು. ಎರಡನೇ ಸಲ ಕರೆದಾಗ ಎದ್ದು ನಿಂತರು. ಮತ ಹಾಕುವಾಗ ಭಾಷಣ ಮಾಡುವ ರೂಢಿ ಆ ಸದನದಲ್ಲಿ ಇರಲಿಲ್ಲ. ಆದರೂ ಅವರು ಹೇಳಿದರು: "ನನ್ನ ದೇಶದ ಜೊತೆ ನಿಲ್ಲಬೇಕು ಅಂತ ಆಸೆ ಇದೆ. ಆದರೆ ಯುದ್ಧಕ್ಕೆ ಮತ ಹಾಕಲಾರೆ."

ಯುದ್ಧದ ಪರ 373, ವಿರುದ್ಧ 50. ಅಂದರೆ ಇವರ ಜೊತೆ 49 ಗಂಡಸರೂ ಬೇಡ ಅಂದಿದ್ದರು. ಮಾರನೇ ದಿನ ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದು ಮಾತ್ರ ಇವರ ಕಣ್ಣೀರು. ಇದು ನನಗೆ ಇವತ್ತಿಗೂ ನೋವಾಗುವ ವಿಷಯ. ಮುಂದೆ ನ್ಯೂಯಾರ್ಕ್ ಮೇಯರ್ ಆದ ಲಾ ಗಾರ್ಡಿಯಾ ಅಂದು ಸದನದಲ್ಲಿದ್ದರು, ಯುದ್ಧದ ಪರವೇ ಮತ ಹಾಕಿದವರು. ಆಕೆ ಅತ್ತರಾ ಅಂತ ಅವರನ್ನು ಕೇಳಿದರೆ, ನನ್ನ ಕಣ್ಣಲ್ಲೇ ನೀರು ತುಂಬಿತ್ತು, ಏನೂ ಕಾಣಲಿಲ್ಲ ಅಂದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಮಗಳ ಬಾಣಂತನಕ್ಕೆ ಅಂತ ನಾನು ಅಮೆರಿಕಕ್ಕೆ ಹೋಗಿದ್ದಾಗ ಅಳಿಯ ಒಂದು ದಿನ ವಾಷಿಂಗ್ಟನ್‌ನಲ್ಲಿ ಸಂಸತ್ ಭವನ ತೋರಿಸಲು ಕರೆದುಕೊಂಡು ಹೋಗಿದ್ದರು. ಅಲ್ಲಿ 1985ರಲ್ಲಿ ಕೊಟ್ಟ ಅವರ ಕಂಚಿನ ಪ್ರತಿಮೆ ಇದೆ. "ಯುದ್ಧಕ್ಕೆ ಮತ ಹಾಕಲಾರೆ" ಅನ್ನುವ ಆ ಮಾತನ್ನೇ ಕೆತ್ತಿದ್ದಾರೆ. ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವಳು. ಆ ಅಕ್ಷರಗಳನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ, ಅಳಿಯ ಬಂದು "ಅಮ್ಮಾ, ಹೋಗೋಣ್ವಾ" ಅಂದಾಗಲೇ ಎಚ್ಚರ.

ಪ್ರಶ್ನೆ: ಬರೀ ಯುದ್ಧ ಬೇಡ ಅಂದಿದ್ದಷ್ಟೇ ಅವರ ಕೆಲಸವಾ? ಹೆಂಗಸರಿಗೆ ಏನು ಮಾಡಿದರು?
— ಗೃಹಿಣಿ, ತಿಪಟೂರು

ಉತ್ತರ: ಇದನ್ನು ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ನೋಟು ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯದಲ್ಲಿ ಯುದ್ಧಕಾಲದ ಕೆಲಸ ಅಂತ ಹೆಂಗಸರನ್ನು ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ದುಡಿಸುತ್ತಿದ್ದರು. ಅವರು ಇವರ ಹತ್ತಿರ ಬಂದು ಕಷ್ಟ ಹೇಳಿಕೊಂಡರು. ಇವರು ಹೇಳಿಕೆ ಬರೆಸಿಕೊಂಡು ನೇರ ಖಜಾನೆ ಮಂತ್ರಿ ಮ್ಯಾಕಡೂ ಹತ್ತಿರ ಹೋದರು. ಕೊನೆಗೆ ಎಂಟು ಗಂಟೆ ಕೆಲಸ ಅಂತ ಆಯಿತು.

1918ರ ಜನವರಿ 10ರಂದು ಹೆಂಗಸರ ವೋಟಿನ ತಿದ್ದುಪಡಿ ಮೇಲಿನ ಚರ್ಚೆ ಶುರು ಮಾಡಿದ್ದೂ ಅವರೇ. ಕೆಳಮನೆಯಲ್ಲಿ 274–136ರಲ್ಲಿ ಪಾಸಾಯಿತು. ಆ ಸಲ ಸೆನೆಟ್ ಒಪ್ಪಲಿಲ್ಲ. ಹೆಂಗಸರಿಗೆ ಮತದ ಹಕ್ಕು ಕೊಡಲು ಮತ ಹಾಕಿದ ಒಬ್ಬಳೇ ಹೆಂಗಸು ಅಂತ ನನ್ನನ್ನು ನೆನೆಸಿಕೊಂಡರೆ ಸಾಕು ಅಂತ ಅವರೇ ಒಮ್ಮೆ ಹೇಳಿದ್ದರು.

ಅಷ್ಟರಲ್ಲಿ ಮೊಂಟಾನಾವನ್ನು ಎರಡು ಕ್ಷೇತ್ರ ಮಾಡಿದ್ದರು. ಅವರ ಪಾಲಿಗೆ ಬಂದಿದ್ದು ಎದುರು ಪಕ್ಷದ ಬಲ ಜಾಸ್ತಿ ಇದ್ದ ಭಾಗ. ಸೆನೆಟ್‌ಗೆ ಪ್ರಯತ್ನಿಸಿ ಸೋತರು.

ಪ್ರಶ್ನೆ: 1941ರಲ್ಲೂ ಅವರೊಬ್ಬರೇ ಬೇಡ ಅಂದರಂತೆ. ಆಗ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದಿತ್ತು. ಅದನ್ನೂ ನೀವು ಸರಿ ಅಂತೀರಾ?
— ನಿವೃತ್ತ ಯೋಧ, ಮಡಿಕೇರಿ

ಉತ್ತರ: ಇಲ್ಲ ಸರ್. ನಿಮಗೆ ನೇರವಾಗಿಯೇ ಹೇಳಬೇಕು. 1917ರಲ್ಲಿ ನಾನು ಪೂರ್ತಿ ಅವರ ಪರ. 1941ರಲ್ಲಿ ನಾನು ಅಲ್ಲಿದ್ದಿದ್ದರೆ ಅವರ ಜೊತೆ ಮತ ಹಾಕುತ್ತಿರಲಿಲ್ಲ. ಮನೆ ಮೇಲೆ ಬಾಂಬ್ ಬಿದ್ದ ಮೇಲೆ ತಡೆಯಲೇಬೇಕು. ಆದರೂ ಅವರ ಬಗ್ಗೆ ನನ್ನ ಗೌರವ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಿಲ್ಲ.

1940ರಲ್ಲಿ ಅರವತ್ತನೇ ವಯಸ್ಸಲ್ಲಿ ಮತ್ತೆ ಗೆದ್ದರು. ನಿಮ್ಮ ಮಕ್ಕಳನ್ನು ಯುದ್ಧಕ್ಕೆ ಕಳಿಸಲ್ಲ ಅಂತ ಮತದಾರರಿಗೆ ಮಾತು ಕೊಟ್ಟಿದ್ದರು. ಬಾಂಬಿನ ಸುದ್ದಿ ಬಂದಾಗ ಭಾಷಣಕ್ಕೆಂದು ಡೆಟ್ರಾಯಿಟ್ ರೈಲಲ್ಲಿ ಹೋಗುತ್ತಿದ್ದರು. ಪಿಟ್ಸ್‌ಬರ್ಗ್‌ನಲ್ಲಿ ಇಳಿದು ವಾಪಸ್ ಬಂದರು. ಮನಸ್ಸು ಬದಲಾಯಿಸಲು ಯಾರೂ ಬರದಿರಲಿ ಅಂತ ಮತದಾನಕ್ಕೆ ಮುಂಚೆ ಒಬ್ಬರೇ ಕಾರು ಓಡಿಸಿಕೊಂಡು ವಾಷಿಂಗ್ಟನ್ ಸುತ್ತುತ್ತಿದ್ದರು. ಸದನದಲ್ಲಿ ಮಾತಾಡಲು ಎದ್ದರೆ ಸ್ಪೀಕರ್ ರೇಬರ್ನ್ ಅವಕಾಶ ಕೊಡಲಿಲ್ಲ. ಹೆಸರು ಬಂದಾಗ ಹೇಳಿದರು: "ಹೆಂಗಸಾದ ನಾನು ಯುದ್ಧಕ್ಕೆ ಹೋಗಲಾರೆ. ಬೇರೆಯವರನ್ನು ಕಳಿಸಲೂ ಒಪ್ಪಲಾರೆ." 388ಕ್ಕೆ 1.

ಜನ ಸಿಟ್ಟಾಗಿ ಬೆನ್ನಟ್ಟಿದರು. ಟೆಲಿಫೋನ್ ಬೂತಿನ ಒಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಪೊಲೀಸರು ಬಂದು ಆಫೀಸಿಗೆ ಬಿಟ್ಟರು. ತಮ್ಮನ ತಂತಿ ಬಂತು: ಮೊಂಟಾನಾ ನೂರಕ್ಕೆ ನೂರು ನಿನ್ನ ವಿರುದ್ಧ ಇದೆ ಅಂತ. ಇಪ್ಪತ್ತೈದು ವರ್ಷ ಜೊತೆಗೆ ನಿಂತ ತಮ್ಮ! ಮೊದಲ ಸಲ ಐವತ್ತು ಜನರಲ್ಲಿ ಒಬ್ಬರಾಗಿದ್ದವರು ಈ ಸಲ ಒಬ್ಬರೇ ಆಗಿದ್ದರು. 1942ರಲ್ಲಿ ಮತ್ತೆ ನಿಲ್ಲಲೇ ಇಲ್ಲ.

ಪ್ರಶ್ನೆ: ಭಾರತಕ್ಕೆ ಬಂದಿದ್ದರೇ? ಮದುವೆ, ಮಕ್ಕಳು?
— ಓದುಗರು, ಧಾರವಾಡ

ಉತ್ತರ: ಮದುವೆಯಾಗಲಿಲ್ಲ. ಭಾರತಕ್ಕೆ 1946ರಿಂದ 1971ರ ಒಳಗೆ ಏಳು ಸಲ ಬಂದಿದ್ದರು. ಅವರನ್ನು ಸೆಳೆದಿದ್ದು ಗಾಂಧೀಜಿಯ ಅಹಿಂಸೆ. 1968ರ ಜನವರಿಯಲ್ಲಿ, 87ನೇ ವಯಸ್ಸಲ್ಲಿ, ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ಸಾವಿರಾರು ಹೆಂಗಸರ ಮುಂದೆ ವಾಷಿಂಗ್ಟನ್ ಬೀದಿಯಲ್ಲಿ ನಡೆದರು. ತೀರಿಕೊಂಡಿದ್ದು 1973ರ ಮೇ ತಿಂಗಳಲ್ಲಿ, 92 ವರ್ಷ ಆಗಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದ್ದ ತಮ್ಮ ಆಸ್ತಿಯಿಂದ ಬಂದ ಹಣ ಕೆಲಸವಿಲ್ಲದ, ವಯಸ್ಸಾದ ಹೆಂಗಸರಿಗೆ ನೆರವಾಗಲಿ ಅಂತ ಬರೆದಿಟ್ಟಿದ್ದರು. ಆ ಹಣದಿಂದ ಶುರುವಾದ ಸಂಸ್ಥೆ ಈಗಲೂ ಮೂವತ್ತೈದು ದಾಟಿದ ಬಡ ಹೆಂಗಸರಿಗೆ ಕಾಲೇಜು ಫೀಸಿಗೆ ದುಡ್ಡು ಕೊಡುತ್ತಿದೆ.