ಮೂತಿ ನಮ್ಮ ಕಡೆ ತಿರುಗಿದಾಗ

ಬಾಲ ನಿಮ್ಮ ಕಡೆ ಇದ್ದರೆ ರಿಮೋಟ್ ಹೆಲಿಕಾಪ್ಟರ್ ಗಾಳಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಮೂತಿ ತಿರುಗಿದ ಕೂಡಲೇ ಹಿಡಿತ ತಪ್ಪುತ್ತದೆ, ಮಂಡ್ಯದ ಗದ್ದೆ ಬಯಲಲ್ಲಿ ಕಲಿಯಬಹುದಾ ಅಂತ ಕೇಳಿದ್ದೀರಿ. ಕಲಿಯುವ ಎಲ್ಲರೂ ಒದ್ದಾಡುವ ಜಾಗ ಇದು.

ಮೂತಿ ಎದುರಿಗಿದ್ದಾಗ ಅದರ ಎಡ ನಿಮಗೆ ಬಲ. ಅದಕ್ಕೇ ಕೈ ಉಲ್ಟಾ ಓಡುತ್ತದೆ. ಆಗ ಎಡ ಬಲ ಲೆಕ್ಕ ಹಾಕಲು ಹೋಗಬೇಡಿ. ಯಾವ ಪಕ್ಕ ಕೆಳಗೆ ವಾಲುತ್ತದೋ ರಿಮೋಟ್‌ನ ಸ್ಟಿಕ್ಕನ್ನೂ ಅದೇ ಪಕ್ಕಕ್ಕೆ ತಳ್ಳಿ, ಬೀಳುವ ಕಡೆಗೆ ಊರುಗೋಲು ಕೊಟ್ಟ ಹಾಗೆ. ಒಂದು ಚೂರು ತಳ್ಳಿ, ತಕ್ಷಣ ನಡುವಿಗೆ ಬಿಡಿ. ಜಾಸ್ತಿ ತಳ್ಳಿದರೆ ತೂಗಾಟ ಶುರುವಾಗುತ್ತದೆ. ರಡ್ಡರ್ (ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕಂಟ್ರೋಲ್) ಕೊಡುವಾಗ ಬಾಲ ನೋಡಬೇಡಿ, ಮೂತಿ ಎತ್ತ ಹೋಗುತ್ತದೆ ಅಂತ ನೋಡಿ.

ಒಂದೇ ಸಲ ಪೂರ್ತಿ ತಿರುಗಿಸುವುದು ಬೇಡ. ಮೊದಲು 45 ಡಿಗ್ರಿ, ಆಮೇಲೆ ಪೂರ್ತಿ ಪಕ್ಕಕ್ಕೆ, ಎರಡೂ ಬದಿ. ಎದುರಿಗೆ ತಿರುಗಿಸುವುದು ಕೊನೆಗೆ. ಇಷ್ಟನ್ನೂ ಮೊದಲು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಮಾಡಿ. ಅಲ್ಲಿ ಬಿದ್ದರೆ ಬ್ಲೇಡಿನ ಖರ್ಚಿಲ್ಲ ಅಲ್ವಾ!

ಕೊಯ್ದ ಗದ್ದೆ ಖಾಲಿ ಕಂಡರೂ ಕೂಳೆಗೆ ಟ್ರೇನಿಂಗ್ ಗೇರ್ (ಕಲಿಯುವಾಗ ಮಗುಚದಿರಲಿ ಅಂತ ಕೆಳಗೆ ಕಟ್ಟುವ ಉದ್ದ ಕಡ್ಡಿಗಳು) ಸಿಕ್ಕಿಕೊಂಡು ಹೆಲಿಕಾಪ್ಟರ್ ಮಗುಚುತ್ತದೆ. ಗಟ್ಟಿ ನೆಲವೇ ಬೇಕು. ಆಷಾಢದ ಗಾಳಿಯಲ್ಲಿ ಹಾರಿಸಬೇಡಿ, ಉಳಿದ ದಿನ ಬೆಳಿಗ್ಗೆ ಬೇಗ ಹೋಗಿ. ಮೈಸೂರಿಗೆ ಬಂದರೆ ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ ಹಾರಿಸುವ ಯೋಚನೆಯೇ ಬೇಡ.

ಹೆಲಿಕಾಪ್ಟರಿನ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಸುಮ್ನೆ ಇಡಬೇಡಿ. ಹಾರಿಸದ ದಿನಗಳಲ್ಲಿ ಪ್ರತಿ ಸೆಲ್ 3.8 ವೋಲ್ಟ್ ಆಸುಪಾಸಿನಲ್ಲಿರಲಿ.